ಎದೆಯುರಿಗೆ ಆಪರೇಷನ್ ಬಂದ ದಾರಿ

ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಅನ್ನುವ ಒಂದೇ ಪದಕ್ಕೆ ಹತ್ತಾರು ಅರ್ಥ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ ‘ಗ್ಯಾಸ್ಟ್ರಿಕ್ ಗುಳಿಗೆ ಕೊಡಿ’ ಅಂದರೆ ಚೀಟಿಯನ್ನೂ ಕೇಳದೆ ಕೊಡುತ್ತಾರೆ. ಒಂದು ಶೀಟು ಮುಗಿದರೆ ಇನ್ನೊಂದು. ಹೀಗೆ ಐದು, ಹತ್ತು ವರ್ಷ ಗುಳಿಗೆಯಲ್ಲೇ ದಿನ ದೂಡುವವರು ಪ್ರತಿ ಊರಲ್ಲೂ ಇದ್ದಾರೆ.

ಇವರಲ್ಲಿ ಕೆಲವರು ಒಂದು ದಿನ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಎಂಡೋಸ್ಕೋಪಿ ಮಾಡಿಸುತ್ತಾರೆ. ವರದಿಯಲ್ಲಿ ‘ಹಯಾಟಸ್ ಹರ್ನಿಯಾ’ ಅಂತ ಬರೆದಿರುತ್ತದೆ. ‘ಲ್ಯಾಪ್ರೋಸ್ಕೋಪಿಯಲ್ಲಿ ಸಣ್ಣ ತೂತು ಮಾಡಿ ಆಪರೇಷನ್ ಮಾಡಬಹುದು’ ಎಂದು ಡಾಕ್ಟರು ಹೇಳುತ್ತಾರೆ. ಮನೆಗೆ ಬಂದ ಮೇಲೆ ಚರ್ಚೆ ಶುರು. ಎದೆಯುರಿಗೂ ಆಪರೇಷನ್ನೇ? ಹರ್ನಿಯಾ ಅಂದರೆ ತೊಡೆಸಂದಿಯಲ್ಲಿ ಬರುವುದಲ್ಲವೇ? ಮಾಡಿಸಿದರೆ ಗುಳಿಗೆ ನಿಲ್ಲುತ್ತದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಈ ಆಪರೇಷನ್ ಎಲ್ಲಿಂದ ಬಂತು, ಯಾರು ಮಾಡಿದರು, ಎಲ್ಲಿ ಸೋತರು, ಎಲ್ಲಿ ಗೆದ್ದರು ಅನ್ನುವುದನ್ನು ತಿಳಿಯುವುದು ಒಳ್ಳೆಯದು. ಇದು ಇಂಗ್ಲೆಂಡ್, ಟರ್ಕಿ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಹೀಗೆ ಹಲವು ದೇಶಗಳನ್ನು ಸುತ್ತಿ ಬಂದ ಕಥೆ.

ಮೊದಲು ಹೊಟ್ಟೆಯೊಳಗಿನ ವಿಷಯ

ನಾವು ನುಂಗಿದ ಅನ್ನ ಗಂಟಲಿನಿಂದ ಅನ್ನನಾಳದ ಮೂಲಕ ಜಠರಕ್ಕೆ ಇಳಿಯುತ್ತದೆ. ಎದೆಗೂ ಹೊಟ್ಟೆಗೂ ನಡುವೆ ‘ವಪೆ’ ಎಂಬ ಮಾಂಸದ ಪರದೆ ಇದೆ. ಉಸಿರಾಡುವಾಗ ಮೇಲೆ ಕೆಳಗೆ ಆಡುವುದು ಇದೇ. ಅನ್ನನಾಳ ಹೊಟ್ಟೆಗೆ ಇಳಿಯಲು ಈ ಪರದೆಯಲ್ಲಿ ಒಂದು ಕಿಂಡಿ ಇದೆ. ಆ ಕಿಂಡಿಯ ಹೆಸರೇ ‘ಹಯಾಟಸ್’.

ಜಠರದಲ್ಲಿ ಅನ್ನ ಕರಗಿಸಲು ಕಟುವಾದ ಆಮ್ಲ ತಯಾರಾಗುತ್ತದೆ. ಜಠರದ ಒಳಗೋಡೆಗೆ ಆ ಆಮ್ಲವನ್ನು ತಡೆದುಕೊಳ್ಳುವ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಆದ್ದರಿಂದ ಆಮ್ಲ ಮೇಲೆ ಬಾರದಂತೆ ಅನ್ನನಾಳದ ಕೆಳತುದಿಯಲ್ಲಿ ಒಂದು ಸ್ನಾಯುವಿನ ಬಿಗಿ ಇರುತ್ತದೆ. ನುಂಗಿದಾಗ ಸಡಿಲವಾಗುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಸುತ್ತಲಿನ ವಪೆಯ ಸ್ನಾಯುವೂ ಇದಕ್ಕೆ ಹೊರಗಿನಿಂದ ಒತ್ತಾಸೆ ಕೊಡುತ್ತದೆ.

ವಪೆಯ ಕಿಂಡಿ ಅಗಲವಾದರೆ ಜಠರದ ಮೇಲ್ಭಾಗ ಎದೆಯ ಕಡೆಗೆ ನುಸುಳುತ್ತದೆ. ಇದೇ ಹಯಾಟಸ್ ಹರ್ನಿಯಾ. ಆಗ ಒಳಗಿನ ಬಿಗಿಯೂ ಹೊರಗಿನ ಒತ್ತಾಸೆಯೂ ಬೇರೆ ಬೇರೆ ಜಾಗಕ್ಕೆ ಸರಿದುಹೋಗುತ್ತವೆ. ಬಾಗಿಲೂ ಚೌಕಟ್ಟೂ ಹೊಂದದ ಹಾಗೆ. ಬಗ್ಗಿ ಕಳೆ ಕೀಳುವಾಗ, ಮೂಟೆ ಎತ್ತುವಾಗ, ಹೊಟ್ಟೆ ತುಂಬ ಉಂಡು ಮಲಗಿದಾಗ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಎದೆ ಉರಿಯುತ್ತದೆ, ಬಾಯಿಗೆ ಹುಳಿನೀರು ಬರುತ್ತದೆ. ಕೆಲವರಿಗೆ ರಾತ್ರಿ ಕೆಮ್ಮು ಬರುತ್ತದೆ, ಕೆಲವರಿಗೆ ಗಂಟಲು ಒಡೆಯುತ್ತದೆ.

ಇಲ್ಲಿ ಎರಡು ಮಾತು ನೆನಪಿರಲಿ. ಹಯಾಟಸ್ ಹರ್ನಿಯಾ ಇದ್ದವರಿಗೆಲ್ಲ ಎದೆಯುರಿ ಬರುವುದಿಲ್ಲ. ಎದೆಯುರಿ ಇದ್ದವರಿಗೆಲ್ಲ ಹರ್ನಿಯಾ ಇರುವುದಿಲ್ಲ. ಈ ಸಣ್ಣ ವ್ಯತ್ಯಾಸ ಅರ್ಥವಾಗಲು ವೈದ್ಯರಿಗೇ ನೂರಾರು ವರ್ಷ ಬೇಕಾಯಿತು.

ಹಳೆಯ ಕಾಯಿಲೆ, ಹೊಸ ಕಣ್ಣು

ಹುಳಿತೇಗು, ಗಂಟಲುರಿ ಹೊಸ ಕಾಯಿಲೆಗಳೇನೂ ಅಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ‘ಅಮ್ಲಪಿತ್ತ’ ಎಂಬ ಹೆಸರಿದೆ. ಮಾಧವಕರ ಬರೆದ ‘ಮಾಧವ ನಿದಾನ’ ಎಂಬ ಪ್ರಾಚೀನ ಗ್ರಂಥದಲ್ಲಿ ಇದಕ್ಕೇ ಒಂದು ಪ್ರತ್ಯೇಕ ಅಧ್ಯಾಯವಿದೆ. ಮೇಲ್ಮುಖವಾಗಿ ಬರುವ ಅಮ್ಲಪಿತ್ತ, ಕೆಳಮುಖವಾಗಿ ಹೋಗುವ ಅಮ್ಲಪಿತ್ತ ಎಂದು ಅದರಲ್ಲಿ ವಿಂಗಡಿಸಿದ್ದಾರೆ.

ಆದರೆ ದೇಹದೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಾರೆ ನೋಡುವ ದಾರಿ ಯಾರಿಗೂ ಇರಲಿಲ್ಲ. ಯುರೋಪಿನಲ್ಲಿ 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ಗಾಯಗೊಂಡು ಸತ್ತವರ ವಪೆ ಹರಿದು ಹೊಟ್ಟೆಯ ಭಾಗ ಎದೆಗೆ ನುಗ್ಗಿದ್ದನ್ನು ಬರೆದಿಟ್ಟ. 18ನೇ ಶತಮಾನದಲ್ಲಿ ಇಟಲಿಯ ಮೋರ್ಗಾನಿ ಶವ ಪರೀಕ್ಷೆಗಳನ್ನು ಮಾಡಿ ಇಂಥ ಹರ್ನಿಯಾಗಳ ಬಗ್ಗೆ ವಿವರವಾಗಿ ಬರೆದ. ಇವೆಲ್ಲ ಸತ್ತ ಮೇಲೆ ಕಂಡ ಸತ್ಯಗಳು. ಬದುಕಿರುವ ರೋಗಿಗೆ ಅದರಿಂದ ಉಪಯೋಗವಿರಲಿಲ್ಲ.

1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು. ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ಎಂಬ ಸುಣ್ಣದ ನೀರಿನಂಥ ದ್ರವವನ್ನು ಕುಡಿಸಿ ಫಿಲಂ ತೆಗೆದರೆ ಅನ್ನನಾಳವೂ ಜಠರವೂ ಎದ್ದು ಕಾಣುತ್ತಿದ್ದವು. 1926ರಲ್ಲಿ ಸ್ವೀಡನ್ನಿನ ಎಕ್ಸ್-ರೇ ತಜ್ಞ ಓಕೆ ಓಕರ್ಲುಂಡ್ ಈ ರೀತಿ ಕಂಡ ಹರ್ನಿಯಾಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ‘ಹಯಾಟಸ್ ಹರ್ನಿಯಾ’ ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ.

ಇತ್ತ ಇನ್ನೊಂದು ದಾರಿಯಲ್ಲಿ ಬೇರೆಯವರು ಹುಡುಕುತ್ತಿದ್ದರು. 1879ರಲ್ಲಿ ಜರ್ಮನಿಯ ಕ್ವಿಂಕೆ ಎಂಬ ವೈದ್ಯರು ಜಠರದ ರಸದಿಂದ ಅನ್ನನಾಳದಲ್ಲಿ ಹುಣ್ಣಾಗುತ್ತದೆ ಎಂದು ಬರೆದರು. 1935ರಲ್ಲಿ ನ್ಯೂಯಾರ್ಕಿನ ವಿಂಕೆಲ್‌ಸ್ಟೈನ್ ಅದನ್ನೇ ಬದುಕಿರುವ ರೋಗಿಗಳಲ್ಲಿ ಗುರುತಿಸಿದರು. ಒಬ್ಬರು ಹರ್ನಿಯಾ ನೋಡುತ್ತಿದ್ದರು, ಇನ್ನೊಬ್ಬರು ಹುಣ್ಣು ನೋಡುತ್ತಿದ್ದರು. ಎರಡಕ್ಕೂ ಇರುವ ನಂಟು ಮಾತ್ರ ಸ್ಪಷ್ಟವಾಗಿರಲಿಲ್ಲ.

ತನ್ನ ಆಪರೇಷನ್ ಸೋತಿತು ಎಂದು ಬರೆದ ಡಾಕ್ಟರು

ಆ ನಂಟನ್ನು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರವೈದ್ಯ ಫಿಲಿಪ್ ಆಲಿಸನ್. 1951ರಲ್ಲಿ ಅವರೊಂದು ಪ್ರಬಂಧ ಪ್ರಕಟಿಸಿದರು. ರೋಗಿಯನ್ನು ಕಾಡುತ್ತಿರುವುದು ಮೇಲಕ್ಕೆ ಜಾರಿದ ಜಠರ ಮಾತ್ರವಲ್ಲ, ಅದರಿಂದ ಬಾಗಿಲು ಕೆಟ್ಟು ಮೇಲೇರುವ ಆಮ್ಲ ಎಂದು ಅದರಲ್ಲಿ ವಿವರಿಸಿದರು. ಪಕ್ಕೆಲುಬುಗಳ ನಡುವೆ ಎದೆ ತೆರೆದು, ಜಠರವನ್ನು ಕೆಳಗಿಳಿಸಿ, ವಪೆಯ ಕಿಂಡಿಯನ್ನು ಹೊಲಿದು ಚಿಕ್ಕದು ಮಾಡುವ ಆಪರೇಷನ್ ಅವರದು. ಅಂಗಗಳನ್ನು ಅವುಗಳ ಜಾಗದಲ್ಲಿ ಕೂರಿಸಿದರೆ ಬಾಗಿಲು ತಾನಾಗಿ ಸರಿಹೋಗುತ್ತದೆ ಎಂಬ ಲೆಕ್ಕಾಚಾರ.

ಮೊದಮೊದಲು ರೋಗಿಗಳಿಗೆ ಚೆನ್ನಾಗಿಯೇ ಅನ್ನಿಸಿತು. ಬೇರೆ ಡಾಕ್ಟರುಗಳೂ ಇದನ್ನು ಕಲಿತರು. ಆಲಿಸನ್ ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. ಆದರೆ ಅವರು ತಾವು ಆಪರೇಷನ್ ಮಾಡಿದವರನ್ನು ಮರೆಯಲಿಲ್ಲ. ಇಪ್ಪತ್ತು ವರ್ಷ ಅವರ ಆರೋಗ್ಯದ ಜಾಡು ಹಿಡಿದು ಲೆಕ್ಕ ಇಟ್ಟರು. 1973ರಲ್ಲಿ ಆ ಲೆಕ್ಕವನ್ನು ತಾವೇ ಪ್ರಕಟಿಸಿದರು. ದೊಡ್ಡ ಪಾಲಿನ ರೋಗಿಗಳಲ್ಲಿ ಹರ್ನಿಯಾ ಇಲ್ಲವೇ ಎದೆಯುರಿ ಮರಳಿ ಬಂದಿತ್ತು.

ತನ್ನ ಹೆಸರಿನಲ್ಲೇ ಪ್ರಸಿದ್ಧವಾದ ಆಪರೇಷನ್ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದು ಸ್ವತಃ ಬರೆಯುವುದು ಸುಲಭದ ಮಾತಲ್ಲ. ಆಲಿಸನ್ ಹೀಗೆ ಲೆಕ್ಕ ಒಪ್ಪಿಸದೆ ಹೋಗಿದ್ದರೆ ಇನ್ನೂ ಎಷ್ಟು ಜನರ ಎದೆ ಸೀಳಲಾಗುತ್ತಿತ್ತೋ. ಈ ಇತಿಹಾಸದಲ್ಲಿ ಹೊಸ ಉಪಾಯ ಹುಡುಕಿದವರಷ್ಟೇ ಉಪಕಾರ ಮಾಡಿದವರು ಸೋಲಿನ ಲೆಕ್ಕ ಇಟ್ಟವರು.

ಊರು ಬಿಟ್ಟು ಊರಿಗೆ ಅಲೆದ ನಿಸ್ಸೆನ್

ಇಂದು ಪ್ರಪಂಚದಾದ್ಯಂತ ಎದೆಯುರಿಗೆ ಮಾಡುವ ಮುಖ್ಯ ಆಪರೇಷನ್ನಿಗೆ ರುಡಾಲ್ಫ್ ನಿಸ್ಸೆನ್ ಅವರ ಹೆಸರಿದೆ. ಅವರು ಹುಟ್ಟಿದ್ದು 1896ರಲ್ಲಿ, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ನೈಸೆ ಎಂಬ ಊರಿನಲ್ಲಿ. ಯಹೂದಿ ಕುಟುಂಬ. ತಂದೆಯೂ ಶಸ್ತ್ರವೈದ್ಯರೇ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ಗಾಯಗೊಂಡವರು. ಆಮೇಲೆ ಆ ಕಾಲದ ಅತಿ ಪ್ರಸಿದ್ಧ ಶಸ್ತ್ರವೈದ್ಯ ಝೌವರ್‌ಬ್ರುಖ್ ಅವರ ಕೈಕೆಳಗೆ ಮ್ಯೂನಿಕ್, ಬರ್ಲಿನ್‌ಗಳಲ್ಲಿ ಪಳಗಿದರು. 1931ರಲ್ಲಿ ಒಬ್ಬ ಹುಡುಗಿಯ ಒಂದು ಕಡೆಯ ಶ್ವಾಸಕೋಶವನ್ನೇ ಪೂರ್ತಿ ತೆಗೆದು ಅವಳನ್ನು ಬದುಕಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಹಸ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳನ್ನು ಸರ್ಕಾರಿ ಕೆಲಸಗಳಿಂದ ತೆಗೆದುಹಾಕುವ ಕಾನೂನು ಬಂತು. ದೇಶಕ್ಕಾಗಿ ಗಾಯಗೊಂಡಿದ್ದ ನಿಸ್ಸೆನ್ ಕೂಡ ದೇಶ ಬಿಡಬೇಕಾಯಿತು. ಅದೇ ಹೊತ್ತಿಗೆ ಟರ್ಕಿಯಲ್ಲಿ ಮುಸ್ತಫಾ ಕೆಮಾಲ್ ವಿಶ್ವವಿದ್ಯಾಲಯವನ್ನು ಹೊಸದಾಗಿ ಕಟ್ಟುತ್ತಿದ್ದರು. ಜರ್ಮನಿ ಹೊರಹಾಕಿದ ಪ್ರೊಫೆಸರುಗಳನ್ನು ಟರ್ಕಿ ಕರೆದು ಕೆಲಸ ಕೊಟ್ಟಿತು. ನಿಸ್ಸೆನ್ ಇಸ್ತಾಂಬುಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು.

1936ರ ಸುಮಾರಿಗೆ ಅಲ್ಲಿ ಒಬ್ಬ ಯುವಕ ಅವರ ಬಳಿ ಬಂದ. ಅನ್ನನಾಳದ ಕೆಳತುದಿಯಲ್ಲಿ ಆಳವಾದ ಹುಣ್ಣು. ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಅನ್ನನಾಳವನ್ನು ಜಠರಕ್ಕೆ ಜೋಡಿಸಬೇಕಾಯಿತು. ಜೋಡಣೆ ಸೋರಬಾರದೆಂದು ನಿಸ್ಸೆನ್ ಜಠರದ ಗೋಡೆಯನ್ನೇ ಅದರ ಸುತ್ತ ಮಡಿಸಿ ಹೊಲಿದರು. ರೋಗಿ ಚೇತರಿಸಿಕೊಂಡ. ಎಷ್ಟೋ ವರ್ಷಗಳ ಮೇಲೆ ವಿಚಾರಿಸಿದಾಗ ಒಂದು ಸಂಗತಿ ಗೊತ್ತಾಯಿತು. ಬಾಗಿಲಿನ ಭಾಗವನ್ನೇ ಕತ್ತರಿಸಿ ತೆಗೆದ ಮೇಲೆ ಆ ಮನುಷ್ಯನಿಗೆ ಎದೆಯುರಿ ವಿಪರೀತ ಆಗಬೇಕಿತ್ತು. ಆದರೆ ಅವನಿಗೆ ಎದೆಯುರಿಯೇ ಇರಲಿಲ್ಲ. ಸೋರದಿರಲಿ ಎಂದು ಹಾಕಿದ ಆ ಮಡಿಕೆಯೇ ಬಾಗಿಲಿನ ಕೆಲಸ ಮಾಡುತ್ತಿತ್ತು.

1939ರಲ್ಲಿ ನಿಸ್ಸೆನ್ ಮತ್ತೆ ಊರು ಬದಲಿಸಿ ಅಮೆರಿಕಕ್ಕೆ ಹೋದರು. ಅಷ್ಟು ದೊಡ್ಡ ಪ್ರೊಫೆಸರಾಗಿದ್ದವರು ಅಲ್ಲಿ ಡಾಕ್ಟರಿಕೆಯ ಪರವಾನಗಿಗಾಗಿ ಹೊಸದಾಗಿ ಪರೀಕ್ಷೆ ಬರೆಯಬೇಕಾಯಿತು. ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೆಲಸ ಮಾಡಿದರು. 1948ರ ಡಿಸೆಂಬರಿನಲ್ಲಿ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಆಪರೇಷನ್ ಮಾಡಿದ್ದೂ ಇವರೇ. ಐನ್‌ಸ್ಟೈನ್ ಅವರ ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಅದನ್ನು ಕತ್ತರಿಸಿ ಬೇರೆ ನಾಳ ಹಾಕುವ ವಿದ್ಯೆ ಆಗಿನ್ನೂ ಬೆಳೆದಿರಲಿಲ್ಲ. ನಿಸ್ಸೆನ್ ಆ ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದರು. ಐನ್‌ಸ್ಟೈನ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಬದುಕಿ 1955ರ ಏಪ್ರಿಲಿನಲ್ಲಿ ತೀರಿಕೊಂಡರು.

ಅದೇ 1955ರಲ್ಲಿ, ಅಷ್ಟರೊಳಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದ್ದ ನಿಸ್ಸೆನ್ ಇಸ್ತಾಂಬುಲ್ಲಿನ ಆ ಹಳೆಯ ಅನುಭವವನ್ನು ಬಳಕೆಗೆ ತಂದರು. ಏನನ್ನೂ ಕತ್ತರಿಸಿ ತೆಗೆಯದೆ, ಜಠರದ ಮೇಲಿನ ಸಡಿಲ ಭಾಗವನ್ನು ಅನ್ನನಾಳದ ಕೆಳತುದಿಗೆ ಹಿಂದಿನಿಂದ ಸುತ್ತಿ ಮುಂದೆ ತಂದು ಹೊಲಿದರು. ಚಳಿಗಾಲದಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವಂತೆ. ಹೊಟ್ಟೆಯಲ್ಲಿ ಒತ್ತಡ ಹೆಚ್ಚಾದರೆ ಈ ಸುತ್ತಿನಲ್ಲೂ ಒತ್ತಡ ಹೆಚ್ಚಾಗಿ ಅದು ಅನ್ನನಾಳವನ್ನು ಅಮುಕುತ್ತದೆ. ಆಮ್ಲ ಮೇಲೇರುವ ದಾರಿ ಮುಚ್ಚುತ್ತದೆ. ಇಬ್ಬರು ರೋಗಿಗಳಿಗೆ ಹೀಗೆ ಮಾಡಿ, 1956ರಲ್ಲಿ ಒಂದು ಸ್ವಿಸ್ ವೈದ್ಯ ಪತ್ರಿಕೆಯಲ್ಲಿ ಬರೆದರು. ಪ್ರಬಂಧದ ಶೀರ್ಷಿಕೆಯಲ್ಲೇ ಇದು ‘ಸರಳ ಆಪರೇಷನ್’ ಎಂದು ಹೇಳಿದ್ದರು. ವೈದ್ಯರು ಇದನ್ನು ‘ಫಂಡೋಪ್ಲಿಕೇಷನ್’ ಅನ್ನುತ್ತಾರೆ. ಫಂಡಸ್ ಅಂದರೆ ಜಠರದ ಮೇಲ್ಭಾಗ, ಪ್ಲಿಕೇಷನ್ ಅಂದರೆ ಮಡಿಕೆ.

ಅನ್ನನಾಳದ ಕೆಳತುದಿಯಲ್ಲಿ ನಿಜಕ್ಕೂ ಒಂದು ಬಿಗಿ ಇದೆ ಎಂದು ಒತ್ತಡ ಅಳೆದು ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ತೋರಿಸಿದ್ದೂ ಅದೇ 1956ರಲ್ಲಿ.

ಬಿಗಿಯಾದರೆ ಒಂದು ಕಷ್ಟ, ಸಡಿಲವಾದರೆ ಇನ್ನೊಂದು

ನಿಸ್ಸೆನ್ ಸುತ್ತು ಎದೆಯುರಿಯನ್ನು ಚೆನ್ನಾಗಿ ತಡೆಯಿತು. ಕೆಲವರಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ತಡೆಯಿತು. ರೊಟ್ಟಿ, ಮುದ್ದೆ, ಮಾಂಸದ ತುಂಡು ಇಳಿಯದೆ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು. ತೇಗು ಬಾರದೆ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು. ವಾಂತಿ ಮಾಡಬೇಕೆಂದರೂ ಆಗುತ್ತಿರಲಿಲ್ಲ.

ಹಾಗಾಗಿ ಬೇರೆ ಬೇರೆ ದೇಶದವರು ಸುತ್ತನ್ನು ಬದಲಾಯಿಸಿ ನೋಡಿದರು. ಫ್ರಾನ್ಸಿನ ಜಾಕ್ ಡೋರ್ 1962ರಲ್ಲಿ ಮುಂಭಾಗಕ್ಕೆ ಮಾತ್ರ ಅರ್ಧ ಸುತ್ತು ಹಾಕಿದರು. 1963ರಲ್ಲಿ ಅದೇ ದೇಶದ ಆಂದ್ರೆ ಟೂಪೆ ಹಿಂಭಾಗದಿಂದ ಅರೆಸುತ್ತು ಹಾಕಿದರು. ಇಂಗ್ಲೆಂಡಿನ ಬೆಲ್ಸಿ, ಅಮೆರಿಕದ ಹಿಲ್ ತಮ್ಮದೇ ವಿಧಾನಗಳನ್ನು 1967ರಲ್ಲಿ ಪ್ರಕಟಿಸಿದರು. ಪೂರ್ತಿ ಸುತ್ತನ್ನೇ ಇಟ್ಟುಕೊಂಡು ಸುಧಾರಿಸಿದವರೂ ಇದ್ದರು. ಅಮೆರಿಕದ ಟಾಮ್ ಡಿಮೀಸ್ಟರ್ ಮತ್ತು ಸಂಗಡಿಗರು ನೂರು ರೋಗಿಗಳ ಅನುಭವವನ್ನು 1986ರಲ್ಲಿ ಬರೆದರು. ಹೊಲಿಯುವಾಗ ಅನ್ನನಾಳದೊಳಗೆ ಮೊದಲಿಗಿಂತ ದಪ್ಪ ನಳಿಕೆ ಇಟ್ಟರು, ಸುತ್ತಿನ ಉದ್ದವನ್ನು 4 ಸೆಂಟಿಮೀಟರಿನಿಂದ 1 ಸೆಂಟಿಮೀಟರಿಗೆ ಇಳಿಸಿದರು. ನುಂಗುವ ತೊಂದರೆ ಉಳಿದುಬಿಡುವವರ ಪ್ರಮಾಣ ಶೇಕಡ 21ರಿಂದ ಶೇಕಡ 3ಕ್ಕೆ ಇಳಿಯಿತು.

ಮೂರು ಸೆಂಟಿಮೀಟರಿನ ವ್ಯತ್ಯಾಸ ಅಂದರೆ ಎರಡು ಬೆರಳಿನ ಅಗಲವೂ ಇಲ್ಲ. ಅಷ್ಟು ಸರಿಪಡಿಸಲು ನಿಸ್ಸೆನ್ ಪ್ರಬಂಧದ ಮೇಲೆ ಮೂವತ್ತು ವರ್ಷ ಹಿಡಿಯಿತು.

ಗುಳಿಗೆ ಬಂತು, ಆಪರೇಷನ್ ಮೂಲೆಗೆ ಸರಿಯಿತು

ಇಷ್ಟೆಲ್ಲ ಆದರೂ ಈ ಆಪರೇಷನ್ನಿಗೆ ಎದೆಯನ್ನೋ ಹೊಟ್ಟೆಯನ್ನೋ ಉದ್ದಕ್ಕೆ ಸೀಳಲೇಬೇಕಿತ್ತು. ವಾರಗಟ್ಟಲೆ ಹಾಸಿಗೆ. ಆಮೇಲೂ ಗಾಯದ ಜಾಗದಲ್ಲಿ ಮತ್ತೊಂದು ಹರ್ನಿಯಾ ಆಗುವ ಭಯ.

ಅಂಥ ಹೊತ್ತಿನಲ್ಲಿ ಗುಳಿಗೆಗಳು ಬಂದವು. ಬ್ರಿಟನ್ನಿನ ಜೇಮ್ಸ್ ಬ್ಲಾಕ್ ಮತ್ತವರ ತಂಡ ಜಠರದಲ್ಲಿ ಆಮ್ಲ ತಯಾರಾಗುವುದನ್ನೇ ಕಡಿಮೆ ಮಾಡುವ ಸಿಮೆಟಿಡಿನ್ ಔಷಧಿಯನ್ನು ಕಂಡುಹಿಡಿದಿತ್ತು. 1976ರಲ್ಲಿ ಅದು ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1988ರಲ್ಲಿ ಬ್ಲಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಸ್ವೀಡನ್ನಿನ ಕಂಪನಿಯೊಂದು ಇನ್ನೂ ಬಲವಾದ ಒಮೆಪ್ರಜೋಲ್ ಎಂಬ ಔಷಧಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಬೆಪ್ರಜೋಲ್ ಎಲ್ಲವೂ ಒಂದೇ ಕುಟುಂಬದ ಗುಳಿಗೆಗಳು.

ಈ ಗುಳಿಗೆಗಳು ಹುಣ್ಣನ್ನು ಮಾಯಿಸಿದವು, ಉರಿಯನ್ನು ತಣಿಸಿದವು. ಆದರೆ ಒಂದು ಮಾತು. ಗುಳಿಗೆ ಕೆಟ್ಟ ಬಾಗಿಲನ್ನು ಸರಿಮಾಡುವುದಿಲ್ಲ. ಜಠರದ ನೀರು ಮೇಲೆ ಬರುವುದು ನಿಲ್ಲುವುದಿಲ್ಲ, ಅದರ ಹುಳಿ ಮಾತ್ರ ಕಡಿಮೆಯಾಗುತ್ತದೆ. ಬಹುತೇಕರಿಗೆ ಅಷ್ಟೇ ಸಾಕು. ಉಂಡದ್ದು ಬಾಯಿಗೆ ಮರಳಿ ಬರುವವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಅದು ಸಾಲದು.

ಸಣ್ಣ ತೂತಿನ ವಿದ್ಯೆ

ಲ್ಯಾಪ್ರೋಸ್ಕೋಪಿ ಎಂಬ ಪದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನಮ್ಮ ಅಮ್ಮಂದಿರ ಕಾಲದಿಂದಲೂ ಸಂತಾನಹರಣ ಕ್ಯಾಂಪುಗಳಲ್ಲಿ ಕೇಳಿದ ಪದ ಅದು. ಹೊಕ್ಕುಳ ಬಳಿ ಸಣ್ಣ ತೂತು, ಒಳಗೆ ಗಾಳಿ ತುಂಬಿ, ನಳಿಕೆಯಲ್ಲಿ ನೋಡಿ ಮಾಡುವ ಆಪರೇಷನ್. ಪ್ರಪಂಚದಲ್ಲೂ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಸ್ತ್ರೀರೋಗ ತಜ್ಞರ ಕೈಯಲ್ಲೇ.

1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ ನಳಿಕೆಯಲ್ಲಿ ಇಣುಕಿ ತೋರಿಸಿದರು. 1910ರಲ್ಲಿ ಸ್ವೀಡನ್ನಿನ ಯಾಕೊಬೇಯಸ್ ಮನುಷ್ಯರಲ್ಲಿ ಹೀಗೆ ನೋಡಿದ್ದನ್ನು ಪ್ರಕಟಿಸಿದರು. ಎಷ್ಟೋ ದಶಕಗಳ ಕಾಲ ಇದು ಬರೀ ನೋಡುವ ವಿದ್ಯೆಯಾಗಿತ್ತು. ಇದರಿಂದ ದೊಡ್ಡ ಆಪರೇಷನ್ನುಗಳನ್ನೂ ಮಾಡಬಹುದು ಎಂದು ಹಟ ಹಿಡಿದವರು ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಝೆಮ್. ಹೊಟ್ಟೆಯೊಳಗಿನ ಗಾಳಿಯ ಒತ್ತಡವನ್ನು ಹದವಾಗಿಡುವ ಯಂತ್ರವನ್ನೂ, ಒಳಗೆ ಗಂಟು ಹಾಕುವ ಉಪಾಯಗಳನ್ನೂ ಅವರು ರೂಪಿಸಿದರು. 1980ರಲ್ಲಿ ತೂತಿನ ಮೂಲಕವೇ ಅಪೆಂಡಿಕ್ಸ್ ತೆಗೆದರು. ಅದಕ್ಕೆ ಸಿಕ್ಕಿದ್ದು ಶಹಬ್ಬಾಸ್‌ಗಿರಿಯಲ್ಲ. ಅವರ ವೈದ್ಯ ವೃತ್ತಿಯನ್ನೇ ನಿಲ್ಲಿಸಬೇಕೆಂಬ ಕೂಗೆದ್ದಿತು.

1985ರಲ್ಲಿ ಜರ್ಮನಿಯವರೇ ಆದ ಎರಿಖ್ ಮ್ಯೂಹೆ ತೂತಿನ ಮೂಲಕ ಪಿತ್ತಕೋಶ ತೆಗೆದರು. ಅವರನ್ನೂ ಸಹೋದ್ಯೋಗಿಗಳು ಹಂಗಿಸಿದರು. 1987ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಫಿಲಿಪ್ ಮೂರೆ ಅದನ್ನೇ ಮಾಡಿದ ಮೇಲೆ ಕಾಳ್ಗಿಚ್ಚಿನಂತೆ ಹಬ್ಬಿತು. ಅಷ್ಟರಲ್ಲಿ ನಳಿಕೆಯ ತುದಿಗೆ ಪುಟ್ಟ ವಿಡಿಯೋ ಕ್ಯಾಮೆರಾ ಜೋಡಿಸುವುದು ಬಂದಿತ್ತು. ಒಬ್ಬರೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು ಹೋಗಿ, ಕೋಣೆಯಲ್ಲಿದ್ದ ಎಲ್ಲರೂ ಟಿವಿಯಲ್ಲಿ ನೋಡಿ ಕೈ ಸೇರಿಸುವಂತಾಯಿತು. ಹಂಗಿಸಿದ್ದ ಜರ್ಮನ್ ಶಸ್ತ್ರವೈದ್ಯರ ಸಂಘವೇ 1992ರಲ್ಲಿ ಮ್ಯೂಹೆ ಅವರನ್ನು ಗೌರವಿಸಿತು.

ಭಾರತದಲ್ಲಿ 1990ರ ಮೇ 31ರಂದು ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಮೊದಲ ಬಾರಿಗೆ ಲ್ಯಾಪ್ರೋಸ್ಕೋಪಿಯಿಂದ ಪಿತ್ತಕೋಶ ತೆಗೆದರು. ಬಡವರು ಬರುವ ಸರ್ಕಾರಿ ಆಸ್ಪತ್ರೆಯಲ್ಲಿ ಇದು ನಡೆದದ್ದು ಗಮನಿಸಬೇಕಾದ್ದು. ಬೇಗ ಎದ್ದು ಕೂಲಿಗೆ ಹೋಗಬೇಕಾದ ಬಡವನಿಗೇ ಸಣ್ಣ ಗಾಯದ ಆಪರೇಷನ್ ಹೆಚ್ಚು ಬೇಕು ಎಂಬುದು ಅವರ ವಾದವಾಗಿತ್ತು. ಸಣ್ಣ ಊರುಗಳ ಡಾಕ್ಟರುಗಳಿಗೆ ಇದನ್ನು ಕಲಿಸಲು ಅವರು ಬಹಳ ಓಡಾಡಿದರು. 2023ರಲ್ಲಿ ತೀರಿಕೊಂಡರು.

1991: ಎರಡು ದಾರಿ ಕೂಡಿದ್ದು

ಪಿತ್ತಕೋಶದ್ದು ಕತ್ತರಿಸಿ ಹೊರತೆಗೆಯುವ ಆಪರೇಷನ್. ನಿಸ್ಸೆನ್ ಸುತ್ತು ಹಾಗಲ್ಲ, ಒಳಗೇ ಕೂತು ಹೊಲಿಯುವ ಕೆಲಸ. ಅದೂ ಹೃದಯದ ಕೆಳಗೆ, ದೊಡ್ಡ ರಕ್ತನಾಳದ ಮುಂದೆ, ಉದ್ದನೆಯ ಕಡ್ಡಿಗಳ ತುದಿಯಲ್ಲಿ ಸೂಜಿ ಹಿಡಿದು. 1991ರ ಜನವರಿಯಲ್ಲಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಬರ್ನಾರ್ಡ್ ದಾಲ್‌ಮಾನ್ ಇದನ್ನು ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿ, ಅದೇ ವರ್ಷ ಪ್ರಕಟಿಸಿದರು. ಮೂಲೆ ಸೇರಿದ್ದ ಆಪರೇಷನ್ನಿಗೆ ಹೀಗೆ ಮರುಜೀವ ಬಂತು.

ಇಂದು ಮಾಡುವುದು ಹೆಚ್ಚುಕಡಿಮೆ ಹೀಗೆ. ಹೊಟ್ಟೆಯ ಮೇಲ್ಭಾಗದಲ್ಲಿ ಅರ್ಧ, ಒಂದು ಸೆಂಟಿಮೀಟರಿನ ನಾಲ್ಕೈದು ತೂತು. ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಯಕೃತ್ತನ್ನು ಮೇಲೆತ್ತಿ ಹಿಡಿದು, ಮೇಲೇರಿದ ಜಠರವನ್ನು ಕೆಳಗೆಳೆಯುತ್ತಾರೆ. ವಪೆಯ ಕಿಂಡಿಯನ್ನು ಹೊಲಿದು ಚಿಕ್ಕದು ಮಾಡುತ್ತಾರೆ. ಆಮೇಲೆ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಎರಡು ಮೂರು ಹೊಲಿಗೆ. ಅಂದರೆ ಆಲಿಸನ್ ಮಾಡುತ್ತಿದ್ದ ಕಿಂಡಿಯ ಹೊಲಿಗೆ, ನಿಸ್ಸೆನ್ ಅಥವಾ ಟೂಪೆಯ ಸುತ್ತು, ಝೆಮ್ ಅವರ ತೂತು ಎಲ್ಲವೂ ಒಂದರಲ್ಲೇ ಸೇರಿವೆ. ತೊಡಕಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮನೆಗೆ. ಆದರೆ ಮೊದಲ ಕೆಲವು ವಾರ ಗಂಜಿ, ಮೆತ್ತಗಿನ ಅನ್ನವೇ ಗತಿ. ಭಾರ ಎತ್ತುವಂತಿಲ್ಲ.

ಗೆದ್ದದ್ದೆಷ್ಟು, ಸೋತದ್ದೆಷ್ಟು

ಆಲಿಸನ್ ಹಾಕಿಕೊಟ್ಟ ಲೆಕ್ಕ ಇಡುವ ಸಂಪ್ರದಾಯ ಮುಂದುವರಿಯಿತು. 2001ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನವೊಂದರ ಮುಂದುವರಿದ ಭಾಗ ಬಂತು. ವರ್ಷಗಳ ಹಿಂದೆ ಹಳೆಯ ರೀತಿಯಲ್ಲಿ ಹೊಟ್ಟೆ ಸೀಳಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಶೇಕಡ 62 ಮಂದಿ ಮತ್ತೆ ನಿಯಮಿತವಾಗಿ ಎದೆಯುರಿಯ ಗುಳಿಗೆ ತೆಗೆದುಕೊಳ್ಳುತ್ತಿದ್ದರು. 2011ರಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಗುಳಿಗೆಯನ್ನೂ ಲ್ಯಾಪ್ರೋಸ್ಕೋಪಿಯನ್ನೂ ಐದು ವರ್ಷ ಹೋಲಿಸಿ ನೋಡಿತು. ಗುಳಿಗೆಯಲ್ಲಿ ಶೇಕಡ 92, ಆಪರೇಷನ್ನಿನಲ್ಲಿ ಶೇಕಡ 85 ಜನ ಹತೋಟಿಯಲ್ಲಿದ್ದರು. ಎರಡೂ ಒಳ್ಳೆಯ ಫಲಿತಾಂಶವೇ. ಗುಳಿಗೆ ಕೇಳುವವರಿಗೆ ಆಪರೇಷನ್ ಅನಿವಾರ್ಯವಲ್ಲ ಎಂಬುದು ಇದರಿಂದ ತಿಳಿಯುತ್ತದೆ. 2017ರಲ್ಲಿ ಸ್ವೀಡನ್ನಿನವರು ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡ 2,655 ಜನರ ಲೆಕ್ಕ ತೆಗೆದರು. ಶೇಕಡ 17.7ರಷ್ಟು ಜನರಿಗೆ ತೊಂದರೆ ಮರಳಿತ್ತು.

ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು 2019ರಲ್ಲಿ ಬಂದ ಅಮೆರಿಕದ ಇನ್ನೊಂದು ಅಧ್ಯಯನ. ‘ಗುಳಿಗೆ ನುಂಗಿದರೂ ಎದೆಯುರಿ ಹೋಗಿಲ್ಲ’ ಎಂದು ಬಂದ 366 ಜನರನ್ನು ವೈದ್ಯರು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಮೊದಲು ಗುಳಿಗೆಯನ್ನು ಸರಿಯಾಗಿ, ಊಟಕ್ಕೆ ಮುಂಚೆ ನುಂಗುವಂತೆ ಹೇಳಿ ಎರಡು ವಾರ ನೋಡಿದರು. ಅಷ್ಟರಲ್ಲೇ 42 ಜನರ ಉರಿ ಕಡಿಮೆಯಾಯಿತು! 99 ಜನರ ಎದೆಯುರಿಗೆ ಆಮ್ಲವೇ ಕಾರಣವಾಗಿರಲಿಲ್ಲ. 23 ಜನರಿಗೆ ಅನ್ನನಾಳದ ಬೇರೆ ಕಾಯಿಲೆ ಇತ್ತು. ಇನ್ನು ಕೆಲವರು ಪರೀಕ್ಷೆ ಮುಗಿಸಲಿಲ್ಲ, ಕೆಲವರನ್ನು ಬೇರೆ ಕಾರಣಕ್ಕೆ ಬಿಡಲಾಯಿತು. ಕೊನೆಗೆ ಉಳಿದವರು 78 ಜನ ಮಾತ್ರ. ಹೀಗೆ ಜರಡಿ ಹಿಡಿದು ಆರಿಸಿದವರಲ್ಲಿ ಆಪರೇಷನ್ ಶೇಕಡ 67 ಜನರಿಗೆ ಫಲ ಕೊಟ್ಟಿತು. ಬೇರೆ ಔಷಧಿಗಳನ್ನು ಸೇರಿಸಿ ಕೊಟ್ಟವರಲ್ಲಿ ಶೇಕಡ 28 ಜನರಿಗಷ್ಟೇ ಫಲ ಸಿಕ್ಕಿತು.

ಸರಿಯಾದ ರೋಗಿಗೆ ಈ ಆಪರೇಷನ್ ದೊಡ್ಡ ವರ. ತಪ್ಪು ರೋಗಿಗೆ ಹೊಸ ತಲೆನೋವು. ಆರಿಸುವುದರಲ್ಲೇ ಎಲ್ಲ ಇದೆ.

ನಮ್ಮ ಮನೆಗೆ ಈ ಇತಿಹಾಸ ಏನು ಹೇಳುತ್ತದೆ?

ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಹೇಳಿದ್ದರೆ ಡಾಕ್ಟರಲ್ಲಿ ಧೈರ್ಯವಾಗಿ ಕೇಳಬೇಕಾದ ಪ್ರಶ್ನೆಗಳು ಇವು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿದೆಯೇ? ಆಮ್ಲ ನಿಜಕ್ಕೂ ಮೇಲೆ ಬರುತ್ತಿದೆ ಎಂದು ಮೂಗಿನಿಂದ ಸಣ್ಣ ವೈರು ಇಳಿಸಿ 24 ಗಂಟೆ ಅಳೆಯುವ ಪರೀಕ್ಷೆ ಬೇಕೇ? ಅನ್ನನಾಳದ ಶಕ್ತಿ ಅಳೆಯುವ ಮ್ಯಾನೋಮೆಟ್ರಿ ಮಾಡಿಸಬೇಕೇ? ಪೂರ್ತಿ ಸುತ್ತು ಹಾಕುತ್ತೀರೋ, ಅರೆಸುತ್ತೋ, ಯಾಕೆ? ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಮರಳಿ ಬಂದರೆ ಮುಂದೇನು? ಖರ್ಚಿನ ವಿಷಯಕ್ಕೆ, ಸರ್ಕಾರಿ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇರುವ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ.

ಗುಳಿಗೆ ನುಂಗುವವರು ಅದನ್ನು ಡಾಕ್ಟರು ಹೇಳಿದ ಹಾಗೆ, ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ. ರಾತ್ರಿ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕುಡಿತ ಬಿಡಿ. ಹೊಟ್ಟೆಯ ಬೊಜ್ಜು ಇಳಿದರೆ ಎಷ್ಟೋ ಜನರ ಉರಿಯೂ ಇಳಿಯುತ್ತದೆ.

ನುಂಗಲು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ ಗುಳಿಗೆಯನ್ನು ನಂಬಿ ಕೂರಬೇಡಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಎದೆ ನಡುವೆ ಹಿಂಡಿದಂತಾಗಿ, ಬೆವರು ಕಿತ್ತುಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಅದು ಹೃದಯಾಘಾತ ಆಗಿರಬಹುದು. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಇಸಿಜಿ ನೋಡಿ ಡಾಕ್ಟರು ಹೃದಯದ್ದಲ್ಲ ಎಂದ ಮೇಲೆ ಎದೆಯುರಿಯ ವಿಚಾರ ಮಾಡೋಣ.